ಹೆಸರಾಂತ ವೀರನನ್ನು ಸೈನ್ಯಕ್ಕೆ ಸೇರಿಸುವ ಮುನ್ನ ಮಾಡಬೇಕಾದ ಲೆಕ್ಕ

ಸಣ್ಣ ಗೊಂಬೆಗಳ ಸೈನ್ಯವನ್ನು ಟೇಬಲ್ ಮೇಲೆ ನಿಲ್ಲಿಸಿ, ದಾಳ ಉರುಳಿಸಿ ಆಡುವ ವಾರ್‌ಹ್ಯಾಮರ್ 40,000 ಯುದ್ಧದಾಟದ 10ನೇ ಆವೃತ್ತಿಯಲ್ಲಿ (2023) ಹೆಸರು, ಕಥೆ ಎರಡೂ ಇರುವ ಪಾತ್ರಕ್ಕೆ ಎಪಿಕ್ ಹೀರೋ ಎನ್ನುತ್ತಾರೆ. ಒಂದು ಸೈನ್ಯದಲ್ಲಿ ಅಂಥ ಹೀರೋ ಒಂದೇ ಸಲ ಬರಬಹುದು, ಅವನಿಗೆ ಎನ್‌ಹಾನ್ಸ್‌ಮೆಂಟ್ (ಹೆಚ್ಚುವರಿ ಶಕ್ತಿ) ಕೊಡಲು ಬರುವುದಿಲ್ಲ. ಅವನು ಎಷ್ಟು ಜನರನ್ನು ಕೊಲ್ಲುತ್ತಾನೆ ಎಂದಷ್ಟೇ ನೋಡಿದರೆ ಲೆಕ್ಕ ತಪ್ಪುತ್ತದೆ. ಪ್ರತಿ ತುಕಡಿಗೂ ಪಾಯಿಂಟಿನಲ್ಲಿ ಒಂದು ಬೆಲೆ ಇರುತ್ತದೆ; ಅದೇ ಪಾಯಿಂಟಿಗೆ ಏನು ಬರುತ್ತಿತ್ತು, ಅವನಿಂದ ಉಳಿದ ಸೈನ್ಯಕ್ಕೆ ಏನು ಸಿಕ್ಕಿತು ಎಂದು ನೋಡಬೇಕು.

ಮೊದಲು ಆಟದ ಗಾತ್ರ. ರವಿವಾರ ಮಧ್ಯಾಹ್ನ ಊಟ ಮುಗಿಸಿ ಕೂತರೆ ಕತ್ತಲಾಗುವುದರೊಳಗೆ ಆರಾಮಾಗಿ ಮುಗಿಯುವುದು 1000 ಪಾಯಿಂಟಿನ ಆಟ, ಅಂದರೆ ಒಬ್ಬೊಬ್ಬರ ಸೈನ್ಯದ ಒಟ್ಟು ಬೆಲೆ 1000. ಗಿಲಿಮನ್, ಆಂಗ್ರಾನ್‌ರಂಥ 300 ದಾಟಿದ ವೀರರು 2000ದ ಆಟದಲ್ಲಿ ಸೈನ್ಯದ ಆರನೇ ಒಂದು ಭಾಗ ನುಂಗಿದರೆ, 1000ದಲ್ಲಿ ಮೂರನೇ ಒಂದು ಭಾಗ ನುಂಗುತ್ತಾರೆ. ಹುಬ್ಬಳ್ಳಿ-ಧಾರವಾಡದಲ್ಲಿ ಮನೆಯ ಟೇಬಲ್ ಮೇಲೆ ಆಡುವವರು ಇಂಟರ್ನೆಟ್ಟಿನಲ್ಲಿ ಸಿಗುವ 2000 ಪಾಯಿಂಟಿನ ಪಟ್ಟಿಗಳನ್ನು ಅರ್ಧ ಮಾಡಿ ಇಳಿಸಬಾರದು. ವೀರನ ಬೆಲೆ ಅರ್ಧ ಆಗುವುದಿಲ್ಲ.

ಈಗ ಹೊಡೆತದ ಲೆಕ್ಕ. ಆರು ಮುಖದ ದಾಳದಲ್ಲಿ 2 ಅಥವಾ ಹೆಚ್ಚು ಬಿದ್ದರೆ ಸೈ ಎನ್ನುವುದಕ್ಕೆ 2+ ಎನ್ನುತ್ತಾರೆ. ಮೊದಲು ಏಟು ತಾಗಿತೇ (ಹಿಟ್), ಆಮೇಲೆ ಗಾಯವಾಯಿತೇ (ವೂಂಡ್), ಕೊನೆಗೆ ಎದುರಿನವನ ಕವಚ ತಡೆಯಿತೇ (ಸೇವ್) ಎಂದು ಉರುಳಿಸುತ್ತಾರೆ. 150 ಪಾಯಿಂಟಿನ ವೀರನಿಗೆ 6 ಅಟ್ಯಾಕ್ (ಏಟು), 2+ಗೆ ಹಿಟ್, ಸ್ಟ್ರೆಂಗ್ತ್ (ಏಟಿನ ಬಲ) 8, ಎಪಿ (ಎದುರಿನವನ ಸೇವ್ ಕೆಡಿಸುವ ಅಂಕಿ) -2, ಡ್ಯಾಮೇಜ್ (ಒಂದೇಟು ಕಳೆಯುವ ಜೀವ) 2 ಎಂದಿಟ್ಟುಕೊಳ್ಳಿ. ಎದುರಿಗೆ ಟಫ್‌ನೆಸ್ (ಗಟ್ಟಿತನ) 4, ಸೇವ್ 3+, ತಲಾ 2 ವೂಂಡ್ (ಜೀವ) ಇರುವ ಇಂಟರ್ಸೆಸರ್ ಎಂಬ ಸಿಪಾಯಿಗಳು, ಐದು ಜನಕ್ಕೆ 80 ಪಾಯಿಂಟ್. ಆರರಲ್ಲಿ 5 ಹಿಟ್. ಸ್ಟ್ರೆಂಗ್ತ್ ಟಫ್‌ನೆಸ್‌ನ ಎರಡು ಪಟ್ಟು ಇರುವುದರಿಂದ 2+ಗೆ ವೂಂಡ್, ಅಂದರೆ 4.17. ಎಪಿ -2 ಆದ್ದರಿಂದ ಸೇವ್ 5+ಗೆ ಇಳಿದು, ಮೂರರಲ್ಲಿ ಎರಡು ಒಳಗೆ ಹೋಗುತ್ತವೆ: 2.78 ಜನ, ಸುಮಾರು 44 ಪಾಯಿಂಟ್. ಆಟ 5 ರೌಂಡ್. 6 ಇಂಚು ನಡೆಯುವ ವೀರ ಸಾಮಾನ್ಯವಾಗಿ ಮೊದಲ ಎರಡು ರೌಂಡ್ ನಡೆಯುವುದರಲ್ಲೇ ಕಳೆಯುತ್ತಾನೆ. ಉಳಿದ ಮೂರರಲ್ಲಿ ನಿಮ್ಮ ಸರದಿಗೊಮ್ಮೆ ಹೊಡೆದರೂ 133 ಪಾಯಿಂಟ್, ಇನ್ನೂ ಅವನ ಬೆಲೆ ಹುಟ್ಟಿಲ್ಲ. 160 ಪಾಯಿಂಟಿಗೆ ಬರುವ ಹತ್ತು ಇಂಟರ್ಸೆಸರ್‌ಗಳ ಆಬ್ಜೆಕ್ಟಿವ್ ಕಂಟ್ರೋಲ್ (ಜಾಗ ಹಿಡಿಯುವ ಬಲ) 20, ವೀರನದು ಬಹಳ ಸಲ ಬರೀ 1. ಗೆಲ್ಲಿಸುವುದು ಜಾಗ ಹಿಡಿದಿದ್ದಕ್ಕೆ ಸಿಗುವ ಅಂಕ. ಈ ವ್ಯತ್ಯಾಸವನ್ನು ಸಣ್ಣದೆಂದು ಬಿಡಬೇಡಿ.

ವೀರನ ನಿಜವಾದ ಬೆಲೆ ಬಹುತೇಕ ಅವನ ಎಬಿಲಿಟಿಯಲ್ಲಿ, ಅಂದರೆ ವಿಶೇಷ ಶಕ್ತಿಯಲ್ಲಿ, ಇರುತ್ತದೆ. ಹಿಟ್‌ನಲ್ಲಿ ಬಿದ್ದ 1ಗಳನ್ನು ಮತ್ತೆ ಉರುಳಿಸಲು ಬಿಟ್ಟರೆ, ಎಷ್ಟಕ್ಕೆ ಹಿಟ್ ಆಗುತ್ತಿದ್ದರೂ ಲಾಭ ಆರನೇ ಒಂದು ಭಾಗ, ಶೇ. 16.7. 200 ಪಾಯಿಂಟಿನ ತುಕಡಿಗೆ ಇದು ಸುಮಾರು 33 ಪಾಯಿಂಟಿನ ಕೆಲಸ. ತಪ್ಪಿದ ಎಲ್ಲ ಹಿಟ್‌ಗಳನ್ನೂ ಮತ್ತೆ ಉರುಳಿಸಬಹುದಾದರೆ 2+ಗೆ ಹೊಡೆಯುವವರಿಗೆ ಅದೇ ಶೇ. 16.7, 3+ಗೆ ಶೇ. 33, 4+ಗೆ ಶೇ. 50. ಅಂದರೆ ಇಂಥ ವೀರನನ್ನು ಕೈ ಚೊಲೊ ಇರುವ ದುಬಾರಿ ತುಕಡಿಗೆ ಜೋಡಿಸಿ ಹಾಳು ಮಾಡುವವರೇ ಹೆಚ್ಚು. ಗುರಿ ತಪ್ಪುವ, ಆದರೆ ಗುಂಡು ಜಾಸ್ತಿ ಇರುವ ತುಕಡಿ ನೋಡಿ. ಅದೇ ಕೆಲಸವನ್ನು ಹೆಸರಿಲ್ಲದ ಕ್ಯಾಪ್ಟನ್ ಒಂದು ಎನ್‌ಹಾನ್ಸ್‌ಮೆಂಟ್ ಹಾಕಿಕೊಂಡು ಕಡಿಮೆಗೆ ಮಾಡುತ್ತಾನೇನು ಎಂದೂ ನೋಡಿ. ಬಹಳ ಸಲ ಮಾಡುತ್ತಾನೆ.

ಸಾಯುವ ಲೆಕ್ಕವೂ ಬೇಕು. ಒಂಟಿಯಾಗಿ ನಿಂತ ವೀರನಿಗೆ 4+ ಇನ್ವಲ್ನರಬಲ್ ಸೇವ್ (ಎಪಿ ಎಷ್ಟಿದ್ದರೂ ಕೆಡದ ಸೇವ್) ಇದ್ದರೂ, ಎರಡು ಲಾಸ್‌ಕ್ಯಾನನ್ (ದೊಡ್ಡ ತೋಪು) ವೂಂಡ್‌ಗಳಲ್ಲಿ ಒಂದಾದರೂ ಒಳಗೆ ಹೋಗುವ ಸಾಧ್ಯತೆ ಶೇ. 75. ತುಕಡಿಯೊಳಗಿದ್ದರೆ ಸುರಕ್ಷಿತ, ಆದರೆ ಪ್ರಿಸಿಷನ್ ಇರುವ ಆಯುಧ ಅವನನ್ನೇ ಹುಡುಕುತ್ತದೆ. ಎದುರಾಳಿ 1 ಸಿಪಿ (ಕಮಾಂಡ್ ಪಾಯಿಂಟ್) ಕೊಟ್ಟು ಎಪಿಕ್ ಚಾಲೆಂಜ್ ಎಂಬ ತಂತ್ರ ಆಡಿದರೆ ಎದುರಾಳಿಯ ಕಡೆಯ ಒಬ್ಬ ಕ್ಯಾರೆಕ್ಟರಿನ (ನಾಯಕ ಪಾತ್ರದ) ಕತ್ತಿಗೂ ಪ್ರಿಸಿಷನ್ ಬರುತ್ತದೆ. ಲೋನ್ ಆಪರೇಟಿವ್ ಎಂಬ ಎಬಿಲಿಟಿ ಇದ್ದವನನ್ನು 12 ಇಂಚಿನಾಚೆಯಿಂದ ಗುರಿ ಇಡಲು ಬರುವುದಿಲ್ಲ. ಅಗ್ಗದಲ್ಲಿ ಸಿಕ್ಕರೆ ಹಿಂದಿನ ಆಬ್ಜೆಕ್ಟಿವ್ (ಹಿಡಿಯಬೇಕಾದ ಜಾಗ) ಕಾಯಲು ಅವನಿಗಿಂತ ಒಳ್ಳೆಯವನಿಲ್ಲ.

ಲೆಕ್ಕದಲ್ಲಿ ಪಾಸಾದವನನ್ನೂ ಕೂಡಲೇ ಕೊಳ್ಳಬೇಡಿ. ಹಳೆಯ ಲಗ್ನಪತ್ರಿಕೆಯ ದಪ್ಪ ಹಾಳೆಯನ್ನು ಅವನ ಬೇಸಿನ (ಗೊಂಬೆಯ ಕಾಲಡಿಯ ತಟ್ಟೆಯ) ಅಳತೆಗೆ ದುಂಡಗೆ ಕತ್ತರಿಸಿ, ಹೆಸರು ಬರೆದು, ಎದುರಿನವರ ಒಪ್ಪಿಗೆ ಪಡೆದು ಮೂರು ಆಟ ಆಡಿ. ಅದೇ ಪಟ್ಟಿಯಲ್ಲಿ ಅವನ ಬದಲು ಸಿಪಾಯಿಗಳನ್ನಿಟ್ಟು ಇನ್ನು ಮೂರು. ಪ್ರತಿ ರೌಂಡಿಗೆ ಒಂದು ಸಾಲು: ಎಷ್ಟು ಅಂಕ ತಂದ, ಎದುರಿನವರ ಯಾವ ತುಕಡಿಯ ಬೆಂಕಿ ತನ್ನ ಮೇಲೆ ಎಳೆದುಕೊಂಡ. ಮೂರನೇ ರೌಂಡಿನವರೆಗೂ ಆ ಸಾಲು ಖಾಲಿ ಉಳಿಯುತ್ತಿದ್ದರೆ ನಿಮ್ಮ ಪಟ್ಟಿಗೆ ಅವನು ಹೊಂದುವುದಿಲ್ಲ. ಪಾಯಿಂಟ್‌ಗಳು ಆಗಾಗ ಬದಲಾಗುತ್ತವೆ, ಹೊಸ ಪಟ್ಟಿ ಬಂದಾಗ ಮತ್ತೆ ಲೆಕ್ಕ ಹಾಕಿ.

ಕೊಂಡ ಮೇಲೆ ಬಣ್ಣ. ಇಡೀ ಸೈನ್ಯಕ್ಕೆ ಬಣ್ಣ ಹಚ್ಚಿದ್ದರೆ ಸಿಗುವ 10 ಅಂಕ, ಹೊಸ ವೀರನೊಬ್ಬ ಬೋಳಾಗಿ ನಿಂತರೆ ಹೋಗುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಸ್ಪ್ರೇ ಪ್ರೈಮರ್ (ಬಣ್ಣಕ್ಕೆ ಮೊದಲು ಕೊಡುವ ತಳಲೇಪ) ಹೊಡೆದರೆ ಗಾಳಿಯ ತೇವಕ್ಕೆ ಮೇಲ್ಮೈ ಬೂದಿ ಬಡಿದಂತೆ ಆಗಿ ಮುಖದ ಗೆರೆಗಳು ಮುಚ್ಚಿಹೋಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ರಷ್‌ನಿಂದ ಹಚ್ಚುವ ಪ್ರೈಮರನ್ನು ತೆಳ್ಳಗೆ ಎರಡು ಸಲ ಕೊಡಿ, ಮೊದಲನೆಯದು ಪೂರ್ತಿ ಒಣಗಿದ ಮೇಲಷ್ಟೇ ಎರಡನೆಯದು.