ಬೆದೆ ಬರಿಸುವ ಚುಚ್ಚುಮದ್ದು: ಕೊಡಿಸುವ ಮುನ್ನ ದಿನ ಎಣಿಸುವುದು ಹೇಗೆ?

ಬೆದೆಗೆ ಬಾರದ ಹಸುವಿಗೆ ಪ್ರೊಸ್ಟಾಗ್ಲಾಂಡಿನ್ ಚುಚ್ಚುಮದ್ದು ಕೊಡಿಸುವುದು ಹೈನುಗಾರರಿಗೆ ಹೊಸದೇನಲ್ಲ. ಆದರೆ ಅದೇ ಮದ್ದು ಒಂದು ಹಸುವಿನಲ್ಲಿ ಮೂರನೆಯ ದಿನಕ್ಕೆ ಬೆದೆ ತಂದು, ಪಕ್ಕದ ಗೂಟದ ಹಸುವಿನಲ್ಲಿ ಏನನ್ನೂ ಮಾಡದೆ ಹೋದಾಗ ಮದ್ದು ಕಳಪೆಯೆಂದು ದೂರುವವರೇ ಹೆಚ್ಚು. ಈ ಮದ್ದಿಗೆ ಬೆದೆಯನ್ನು ಹುಟ್ಟಿಸುವ ಶಕ್ತಿಯಿಲ್ಲ. ಬೆದೆಯನ್ನು ತಡೆದಿರುವ, ಅಂಡಾಶಯದ ಮೇಲಿನ ಹಳದಿ ಗ್ರಂಥಿಯನ್ನು ಅದು ಕರಗಿಸುತ್ತದೆ. ಆ ಗ್ರಂಥಿ ಇಲ್ಲದ ಹಸುವಿಗೆ ಕೊಟ್ಟ ಮದ್ದು ವ್ಯರ್ಥ. ಆ ಗ್ರಂಥಿಯ ಬಲದಿಂದಲೇ ಗಬ್ಬ ಉಳಿಸಿಕೊಂಡಿರುವ ಹಸುವಿಗೆ ಕೊಟ್ಟರೆ ಕರುವೇ ಹೋಗುತ್ತದೆ. ಆದ್ದರಿಂದ ಮೊದಲ ಕೆಲಸ ದಿನ ಎಣಿಸುವುದು.

ದಿನದ ಗುರುತು

ಬೆದೆ ಕಂಡ ದಿನವನ್ನು ಸೊನ್ನೆ ಎಂದು ಬರೆದಿಟ್ಟುಕೊಳ್ಳಿ. ಹಸುವಿನ ಋತುಚಕ್ರ ಸರಾಸರಿ 21 ದಿನಗಳದ್ದು. 18ರಿಂದ 24 ದಿನಗಳವರೆಗಿನ ಹೆಚ್ಚುಕಡಿಮೆ ಸಹಜ. ಬೆದೆಯ ಲಕ್ಷಣಗಳು ನಿಂತು 10–12 ಗಂಟೆಗಳಾದ ಮೇಲೆ ಅಂಡ ಹೊರಬೀಳುತ್ತದೆ. ರಾತ್ರಿ ಬಂದು ಹೋದ ಬೆದೆ ಕಣ್ಣಿಗೆ ಬೀಳದಿದ್ದರೂ ಒಂದು ಸುಳಿವು ಉಳಿಯುವುದುಂಟು. ಎರಡು ಮೂರು ದಿನಗಳ ನಂತರ ಹಲವು ಹಸುಗಳಲ್ಲಿ, ಅದರಲ್ಲೂ ಕಡಸುಗಳಲ್ಲಿ, ಬಾಲಕ್ಕೆ ರಕ್ತ ಬೆರೆತ ಲೋಳೆ ಅಂಟಿರುತ್ತದೆ. ಅದು ರೋಗವಲ್ಲ, ಗಬ್ಬ ನಿಂತಿಲ್ಲ ಎಂಬುದರ ಸೂಚನೆಯೂ ಅಲ್ಲ. ಅದನ್ನು ಕಂಡ ದಿನವನ್ನು ಎರಡನೆಯ ಅಥವಾ ಮೂರನೆಯ ದಿನವೆಂದು ಹಿಡಿದು ಎಣಿಕೆ ಆರಂಭಿಸಬಹುದು.

ಹಳದಿ ಗ್ರಂಥಿಯ ಆಯುಷ್ಯ

ಅಂಡ ಹೊರಬಿದ್ದ ಕೋಶಿಕೆಯ (ಅಂಡಾಶಯದಲ್ಲಿ ಅಂಡವನ್ನು ಹೊತ್ತ ನೀರುಗುಳ್ಳೆಯ) ಗೋಡೆಯ ಜೀವಕೋಶಗಳೇ ಪಿಟ್ಯುಟರಿ ಗ್ರಂಥಿಯ ಎಲ್‌ಎಚ್ ಹಾರ್ಮೋನಿನ ಪ್ರಭಾವದಲ್ಲಿ ಮಾರ್ಪಟ್ಟು ಕಾರ್ಪಸ್ ಲೂಟಿಯಂ ಎಂಬ ಹಳದಿ ಗ್ರಂಥಿಯಾಗುತ್ತವೆ. ಐದಾರು ದಿನಗಳಲ್ಲಿ ಬಲಿಯುವ ಈ ಗ್ರಂಥಿ ಸ್ರವಿಸುವ ಪ್ರೊಜೆಸ್ಟರಾನ್, ಒಂದು ಕಡೆ ಗರ್ಭಕೋಶದ ಒಳಪದರವನ್ನು ಭ್ರೂಣಕ್ಕಾಗಿ ಹದಗೊಳಿಸಿದರೆ, ಇನ್ನೊಂದು ಕಡೆ ಮಿದುಳಿನ ಮೇಲೆ ಕೆಲಸ ಮಾಡಿ ಎಲ್‌ಎಚ್ ಒಮ್ಮೆಲೇ ಉಕ್ಕದಂತೆ ಹತ್ತಿಕ್ಕುತ್ತದೆ. ಹಳದಿ ಗ್ರಂಥಿ ಕೆಲಸದಲ್ಲಿರುವ ಈ ಲೂಟಿಯಲ್ ಹಂತದಲ್ಲಿಯೂ ಹೊಸ ಕೋಶಿಕೆಗಳು ಅಲೆ ಅಲೆಯಾಗಿ ಬೆಳೆಯುತ್ತವೆ. ಆದರೆ ಎಲ್‌ಎಚ್ ಉಕ್ಕದ ಕಾರಣ ಅಂಡ ಬಿಡಲಾಗದೆ ನಶಿಸುತ್ತವೆ.

ಸುಮಾರು 16–17ನೆಯ ದಿನದ ಹೊತ್ತಿಗೆ ಗರ್ಭಕೋಶದ ಒಳಪದರದಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳು ಹೆಚ್ಚುತ್ತವೆ. ಆಕ್ಸಿಟೋಸಿನ್ ಅವುಗಳಿಗೆ ತಾಗಿದಾಗ ಒಳಪದರ ಪ್ರೊಸ್ಟಾಗ್ಲಾಂಡಿನ್ ಎಫ್2 ಆಲ್ಫಾವನ್ನು ಬಿಟ್ಟು ಬಿಟ್ಟು ಹೊರಸೂಸುತ್ತದೆ. ವಿಚಿತ್ರವೆಂದರೆ ಈ ಆಕ್ಸಿಟೋಸಿನ್‌ನ ಒಂದು ಪಾಲು ಹಳದಿ ಗ್ರಂಥಿಯದೇ ಸ್ರಾವ. ತನ್ನ ಅಂತ್ಯಕ್ಕೆ ಅದೇ ಕೈಜೋಡಿಸಿದಂತೆ. ಶ್ವಾಸಕೋಶವನ್ನು ಒಮ್ಮೆ ಹಾದರೆ ಸಾಕು, ಪ್ರೊಸ್ಟಾಗ್ಲಾಂಡಿನ್‌ನ ಬಹುಪಾಲು ನಾಶವಾಗುತ್ತದೆ. ಹಸುವಿನಲ್ಲಿ ಅದು ಆ ಸುತ್ತು ದಾರಿ ಹಿಡಿಯುವುದಿಲ್ಲ: ಗರ್ಭಕೋಶದ ಅಭಿಧಮನಿಯಿಂದ, ಅದಕ್ಕೆ ಸುತ್ತಿಕೊಂಡಿರುವ ಅಂಡಾಶಯದ ಅಪಧಮನಿಗೆ ನೇರವಾಗಿ ದಾಟಿ, ಹಳದಿ ಗ್ರಂಥಿಯನ್ನು ಕರಗಿಸುತ್ತದೆ. ಗರ್ಭಕೋಶವನ್ನು ತೆಗೆದರೆ ಈ ಗ್ರಂಥಿ ಬಹುಕಾಲ ಉಳಿಯುತ್ತದೆಂದು ಲಿಯೋ ಲೋಬ್ 1923ರಲ್ಲಿಯೇ ಗಿನಿಯಿಲಿಗಳಲ್ಲಿ ತೋರಿಸಿದ್ದರು. ಎಲ್ಲ ಸಸ್ತನಿಗಳೂ ಹೀಗಲ್ಲ. ಮನುಷ್ಯರಲ್ಲಿ ಗರ್ಭಕೋಶ ಇಲ್ಲದಿದ್ದರೂ ಗ್ರಂಥಿ ತನ್ನ ಅವಧಿಗೆ ಸರಿಯಾಗಿ ಕುಗ್ಗುತ್ತದೆ. ನಾಯಿಯಲ್ಲಿ ಗಬ್ಬವಿರಲಿ, ಇಲ್ಲದಿರಲಿ, ಅದು ಸುಮಾರು ಎರಡು ತಿಂಗಳು ಬಾಳುತ್ತದೆ.

ಗಬ್ಬ ನಿಂತ ಹಸುವಿನಲ್ಲಿ ಭ್ರೂಣವು ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನನ್ನು ಸ್ರವಿಸಿ ಆಕ್ಸಿಟೋಸಿನ್ ಗ್ರಾಹಕಗಳು ಏಳದಂತೆ ತಡೆಯುತ್ತದೆ. ಈ ಸಂದೇಶ 16–17ನೆಯ ದಿನದೊಳಗೆ ತಲುಪಲೇಬೇಕು. ತಲುಪಿದರೆ ಹಳದಿ ಗ್ರಂಥಿ ಉಳಿಯುತ್ತದೆ, ಗಬ್ಬವೂ ಉಳಿಯುತ್ತದೆ.

ಚುಚ್ಚುವ ಮುನ್ನ

ಕೃತಕ ಗರ್ಭಧಾರಣೆ ಮಾಡಿಸಿದ್ದರೆ ಅಥವಾ ಹೋರಿ ಹಾರಿದ್ದರೆ ಆ ದಿನಾಂಕವನ್ನು ಪಶುವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಗಬ್ಬದ ಮೊದಲ ಐದು ತಿಂಗಳಲ್ಲಿ ಈ ಮದ್ದು ಬಿದ್ದರೆ ಹಸು ಸಾಮಾನ್ಯವಾಗಿ ಕಂದು ಹಾಕುತ್ತದೆ. ಇಪ್ಪತ್ತು ದಿನದ ಗಬ್ಬವನ್ನು ಕೈಯಿಂದ ಗುರುತಿಸಲಾಗದು. ಸ್ಕ್ಯಾನಿಂಗ್‌ನಲ್ಲಿ ತಿಂಗಳ ಹೊತ್ತಿಗೆ, ಕೈಯ ಪರೀಕ್ಷೆಯಲ್ಲಿ ಎರಡು ತಿಂಗಳ ಹೊತ್ತಿಗೆ ಖಾತ್ರಿಯಾಗುತ್ತದೆ. ಅನುಮಾನವಿದ್ದರೆ ಕಾಯುವುದೇ ಲೇಸು.

ಪಶುವೈದ್ಯರು ಗುದದ್ವಾರದೊಳಗೆ ಕೈಹಾಕಿ ಅಂಡಾಶಯವನ್ನು ಬೆರಳುಗಳ ನಡುವೆ ಹಿಡಿದು ನೋಡುವಾಗ, ಬಲಿತ ಹಳದಿ ಗ್ರಂಥಿಯು ಅಂಡಾಶಯದ ಮೇಲ್ಮೈಯಿಂದ ತೊಟ್ಟಿನಂತೆ ಹೊರಚಾಚಿರುವುದು ಅನೇಕ ವೇಳೆ ಸಿಗುತ್ತದೆ. ನೀರು ತುಂಬಿದ ಕೋಶಿಕೆ ಒತ್ತಿದರೆ ಮೆತ್ತಗೆ ಕುಲುಕುತ್ತದೆ, ಇದು ಹಾಗಲ್ಲ, ಗಟ್ಟಿ. ಕರು ಹಾಕಿದ ಮೇಲೆ ಅಂಡಾಶಯವೇ ಚುರುಕಾಗದ ಹಸುವಿನಲ್ಲಿ ಇವೆರಡೂ ಇಲ್ಲದಿರಬಹುದು. ಅಂಥದಕ್ಕೆ ಪ್ರೊಜೆಸ್ಟರಾನ್ ತುಂಬಿದ ಸಾಧನವನ್ನು ಏಳು ದಿನ ಯೋನಿಯಲ್ಲಿಟ್ಟು ತೆಗೆಯುವ ಕ್ರಮವಿದೆ. ಲೂಟಿಯಲ್ ಹಂತವನ್ನೇ ಹೊರಗಿನಿಂದ ಒದಗಿಸಿದಂತೆ ಅದು.

ಮದ್ದಿನ ದಿನ

ಐದನೆಯ ದಿನಕ್ಕೆ ಮುಂಚಿನ ಎಳೆಯ ಗ್ರಂಥಿ ಈ ಮದ್ದಿಗೆ ಜಗ್ಗುವುದಿಲ್ಲ. 17ನೆಯ ದಿನ ದಾಟಿದ್ದರೆ ಅದು ತಾನಾಗಿಯೇ ಕರಗುತ್ತಿರುತ್ತದೆ. ಹಾಗಾಗಿ 6ರಿಂದ 16ನೆಯ ದಿನದೊಳಗೆ ಮದ್ದು ಕೊಡಬೇಕು. ಎರಡರಿಂದ ಐದು ದಿನಗಳಲ್ಲಿ ಬೆದೆ ಬರುತ್ತದೆ. ಬೆಳಿಗ್ಗೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಿ.

ಹಲವು ಹಸುಗಳ ದಿನ ತಿಳಿಯದಿದ್ದರೆ, ಯಾವುದೂ ಗಬ್ಬವಿಲ್ಲವೆಂದು ಖಾತ್ರಿಪಡಿಸಿಕೊಂಡು, 11 ದಿನಗಳ ಅಂತರದಲ್ಲಿ ಎರಡು ಬಾರಿ ಮದ್ದು ಕೊಡಲಾಗುತ್ತದೆ. ಮೊದಲ ಬಾರಿ ಎರಡನೆಯ ದಿನದಲ್ಲಿದ್ದ ಹಸು ಎರಡನೆಯ ಬಾರಿಗೆ 13ನೆಯ ದಿನದಲ್ಲಿರುತ್ತದೆ. ಮೊದಲ ಮದ್ದಿಗೇ ಮೂರು ದಿನಗಳಲ್ಲಿ ಬೆದೆಗೆ ಬಂದದ್ದು 8ನೆಯ ದಿನದಲ್ಲಿರುತ್ತದೆ. ಹೀಗೆ ಚಕ್ರ ನಡೆಯುತ್ತಿರುವ ಹೆಚ್ಚುಕಡಿಮೆ ಎಲ್ಲ ಹಸುಗಳಲ್ಲೂ ಬಲಿತ ಗ್ರಂಥಿ ಸಿಗುತ್ತದೆ. 1995ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಸಂಶೋಧಕರು ಪ್ರಕಟಿಸಿದ ಓವ್‌ಸಿಂಕ್ ಕ್ರಮದಲ್ಲಿ ಬೆದೆ ಕಾಯುವ ಕೆಲಸವೂ ಇಲ್ಲ: ಮೊದಲ ದಿನ ಎಲ್‌ಎಚ್ ಉಕ್ಕಿಸುವ ಜಿಎನ್‌ಆರ್‌ಎಚ್ ಹಾರ್ಮೋನು, ಏಳು ದಿನಗಳ ಬಳಿಕ ಪ್ರೊಸ್ಟಾಗ್ಲಾಂಡಿನ್, ಎರಡು ದಿನ ಬಿಟ್ಟು ಮತ್ತೆ ಜಿಎನ್‌ಆರ್‌ಎಚ್, ಅಲ್ಲಿಂದ 16–20 ಗಂಟೆಗಳಲ್ಲಿ ಗರ್ಭಧಾರಣೆ. ಪ್ರಮಾಣ ನಿರ್ಧರಿಸುವುದು ಪಶುವೈದ್ಯರ ಕೆಲಸ.

ಒಂದು ಎಚ್ಚರಿಕೆ: ಈ ಮದ್ದು ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ. ಗರ್ಭಿಣಿಯರು ಮತ್ತು ಆಸ್ತಮಾ ಇರುವವರು ಸೀಸೆಯನ್ನೂ ಸಿರಿಂಜನ್ನೂ ಮುಟ್ಟಬಾರದು. ಕೈಗೆ ಚೆಲ್ಲಿದರೆ ಒಡನೆಯೇ ಸೋಪು ಹಚ್ಚಿ ತೊಳೆಯಬೇಕು.

ಆಮೇಲಿನ ಎಣಿಕೆ

ಗರ್ಭಧಾರಣೆಯ ದಿನವನ್ನು ಮತ್ತೆ ಸೊನ್ನೆಯೆಂದು ಗುರುತಿಸಿ, 18ರಿಂದ 24ನೆಯ ದಿನದವರೆಗೆ ಬೆಳಿಗ್ಗೆ ಸಂಜೆ ಬೆದೆಯ ಲಕ್ಷಣಗಳಿಗಾಗಿ ನೋಡಿ. ಆ ಅವಧಿಯಲ್ಲಿ ತಿರುಗಿ ಬೆದೆಗೆ ಬಂದರೆ ಗಬ್ಬ ನಿಂತಿಲ್ಲ, ಇಲ್ಲವೇ ಸಂದೇಶ ತಲುಪಿಸುವ ಮೊದಲೇ ಭ್ರೂಣ ಸತ್ತಿದೆ ಎಂದರ್ಥ. 30–35ನೆಯ ದಿನಕ್ಕೆ ಬಂದರೆ ಸಂದೇಶ ತಲುಪಿದ ಮೇಲೆ ಭ್ರೂಣ ಸತ್ತಿರಬಹುದು. ಇದನ್ನು ಪಶುವೈದ್ಯರ ಗಮನಕ್ಕೆ ತರಬೇಕು. 42ನೆಯ ದಿನದ ಆಸುಪಾಸಿನಲ್ಲಿ ಬಂದರೆ, ನಡುವಿನ ಒಂದು ಬೆದೆ ನಮ್ಮ ಕಣ್ತಪ್ಪಿಸಿರುವ ಸಾಧ್ಯತೆಯೇ ಹೆಚ್ಚು.