ಗಲ್ಫ್ ಸ್ಟ್ರೀಮ್ ಮೇಲೆ ಕೋಲ್ಡ್ ಫ್ರಂಟ್ ದಾಟುವುದನ್ನು ಮನೆಯಲ್ಲೇ ಕೂತು ನೋಡುವುದು ಹೇಗೆ?

ಹವಾಮಾನ ನಕ್ಷೆಯಲ್ಲಿ ಪುಟ್ಟ ತ್ರಿಕೋನಗಳಿರುವ ನೀಲಿ ಗೆರೆ ಇರುತ್ತದಲ್ಲ, ಅದೇ ಕೋಲ್ಡ್ ಫ್ರಂಟ್. ತಣ್ಣನೆಯ ಗಾಳಿ ಬೆಚ್ಚಗಿನ ಗಾಳಿಯನ್ನು ತಳ್ಳಿಕೊಂಡು ಬರುವ ಅಂಚು. ನಮ್ಮ ಮುಂಗಾರಿನಲ್ಲಿ ಇಂಥದ್ದಿಲ್ಲ. ಹಾಗಾಗಿ ಅಮೆರಿಕದ ಪೂರ್ವ ಕರಾವಳಿಗೆ ಹೊಸದಾಗಿ ಹೋದವರಿಗೆ ಮಧ್ಯಾಹ್ನ ಟೀ ಶರ್ಟು, ರಾತ್ರಿ ಜಾಕೆಟ್ಟು ಅನ್ನುವುದು ವಿಚಿತ್ರ ಅನ್ನಿಸುತ್ತದೆ. ಆ ಗೆರೆ ಕಡಲಿಗೆ ಇಳಿದ ಮೇಲೆ ಇನ್ನೂ ಮಜಾ ಇದೆ.

ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಒಂದು ಜೋರು ಫ್ರಂಟ್ ಬರುವವರೆಗೆ ಕಾಯಿರಿ. ಅಮೆರಿಕದ ನ್ಯಾಷನಲ್ ಡೇಟಾ ಬೂಯ್ ಸೆಂಟರ್ ಸೈಟಿನಲ್ಲಿ 41025 ಎಂದು ಹುಡುಕಿ. ನಾರ್ತ್ ಕ್ಯಾರೊಲಿನಾದ ಕೇಪ್ ಹ್ಯಾಟರಸ್ ಹತ್ತಿರ, ಡೈಮಂಡ್ ಶೋಲ್ಸ್‌ನಲ್ಲಿ, ಲಂಗರು ಹಾಕಿ ತೇಲಿಬಿಟ್ಟ ಅಳತೆಯಂತ್ರ ಇದು. ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆಯ ಪ್ರವಾಹದ ಅಂಚು ಇದರ ಸುತ್ತಮುತ್ತಲೇ ಆ ಕಡೆ ಈ ಕಡೆ ಸರಿಯುತ್ತಿರುತ್ತದೆ. ಸಮಯ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಇದ್ದರೆ, ಅಲ್ಲಿನ ಸ್ಥಳೀಯ ಸಮಯ ತಿಳಿಯಲು ಚಳಿಗಾಲದಲ್ಲಿ 5 ಗಂಟೆ ಕಳೆಯಿರಿ.

ಮೊದಲು ಗಾಳಿಯ ದಿಕ್ಕು ನೋಡಿ. 220 ಡಿಗ್ರಿ ಆಸುಪಾಸು, ಅಂದರೆ ನೈಋತ್ಯದಿಂದ ಬೀಸುತ್ತಿದ್ದದ್ದು 320ರ ಕಡೆಗೆ, ವಾಯವ್ಯಕ್ಕೆ, ತಿರುಗುತ್ತದೆ. ಇಳಿಯುತ್ತಿದ್ದ ಒತ್ತಡ ಏರಲು ಶುರುವಾಗುತ್ತದೆ. ಫ್ರಂಟ್ ದಾಟಿತು ಅಂತ ಲೆಕ್ಕ.

ಈಗ ಮುಖ್ಯ ಕೆಲಸ: ನೀರಿನ ಉಷ್ಣಾಂಶದಿಂದ ಗಾಳಿಯ ಉಷ್ಣಾಂಶ ಕಳೆಯಿರಿ. ನನ್ನ ಪ್ರಕಾರ ನಕ್ಷೆಯ ಗೆರೆಗಿಂತ ಈ ಒಂದು ಸಂಖ್ಯೆ ಜಾಸ್ತಿ ಹೇಳುತ್ತದೆ. ನೀರು 22, ಗಾಳಿ 5 ಡಿಗ್ರಿ ಸೆಲ್ಸಿಯಸ್ ಅಂತಿಟ್ಟುಕೊಳ್ಳಿ, ವ್ಯತ್ಯಾಸ 17. ಅಂಥ ಹೊತ್ತಲ್ಲಿ ಕಡಲು ಪ್ರತಿ ಚದರ ಮೀಟರಿಗೆ 1000 ವ್ಯಾಟ್‌ವರೆಗೂ ಶಾಖ ಬಿಟ್ಟುಕೊಡಬಹುದು, ಅದರಲ್ಲಿ ಹೆಚ್ಚಿನ ಪಾಲು ಆವಿಯ ರೂಪದಲ್ಲಿ. ಕೆಳಗಿಂದ ಕಾದ ಗಾಳಿ ಮೇಲೇಳುತ್ತದೆ, ಮೇಲಿನ ವೇಗದ ಗಾಳಿ ಕೆಳಕ್ಕೆ ಬರುತ್ತದೆ, ಹಾಗಾಗಿ ಫ್ರಂಟ್ ಹೋಗಿ ಎಷ್ಟೋ ಹೊತ್ತಾದರೂ ಬಿರುಗಾಳಿ ನಿಲ್ಲುವುದಿಲ್ಲ, ಅದೂ ಪಕ್ಕದ ತಣ್ಣೀರಿಗಿಂತ ಸ್ಟ್ರೀಮ್ ಮೇಲೇ ಜೋರು.

ಬೆಳಗಾದ ಮೇಲೆ ಗೋಸ್-ಈಸ್ಟ್ ಉಪಗ್ರಹದ ಚಿತ್ರ ತೆರೆಯಿರಿ. ದಡದ ಹತ್ತಿರ ಆಕಾಶ ಖಾಲಿ. ಸ್ವಲ್ಪ ದೂರ ಹೋದರೆ ಗಾಳಿಯ ದಿಕ್ಕಿಗೇ ಉದ್ದಕ್ಕೆ ಎಳೆದ ಸಣ್ಣ ಸಣ್ಣ ಮೋಡದ ಸಾಲುಗಳು. ಸಮುದ್ರದ ಉಷ್ಣಾಂಶದ ನಕ್ಷೆ ಪಕ್ಕದಲ್ಲಿಟ್ಟುಕೊಂಡು ನೋಡಿ, ಸಾಲು ದಪ್ಪಗಾಗುವ ಜಾಗ ಬಿಸಿನೀರಿನ ಅಂಚಿಗೆ ಎಷ್ಟೋ ಸಲ ಹೊಂದಿಕೊಳ್ಳುತ್ತದೆ.

ದೋಣಿಯವರಾದರೆ ಇಲ್ಲಿ ಹುಷಾರು. ಸ್ಟ್ರೀಮ್ ಈಶಾನ್ಯಕ್ಕೆ ಹರಿಯುತ್ತದೆ. ಉತ್ತರದ ಗಾಳಿ ಎದುರು ಬಂದರೆ ಅಲೆಗಳು ಒತ್ತೊತ್ತಾಗಿ, ಕಡಿದಾಗಿ ಏಳುತ್ತವೆ. ಫ್ಲೋರಿಡಾದಿಂದ ಬಹಾಮಾಸ್‌ಗೆ ಹೋಗುವವರು ಮುನ್ಸೂಚನೆಯಲ್ಲಿ ಉತ್ತರ, ಈಶಾನ್ಯ, ವಾಯವ್ಯ ಯಾವುದಿದ್ದರೂ ಹೊರಡುವುದಿಲ್ಲ.

ವ್ಯತ್ಯಾಸ ಮೈನಸ್ ಬಂದರೆ ಕಥೆ ಉಲ್ಟಾ. ನ್ಯೂಫೌಂಡ್ಲೆಂಡ್ ಬಳಿಯ ಗ್ರ್ಯಾಂಡ್ ಬ್ಯಾಂಕ್ಸ್‌ನಲ್ಲಿ ಬೆಚ್ಚಗಿನ, ತೇವದ ಗಾಳಿ ಲ್ಯಾಬ್ರಡಾರ್ ಪ್ರವಾಹದ ತಣ್ಣೀರಿನ ಮೇಲೆ ಹಾಯುತ್ತದೆ. ಅಲ್ಲಿ ಮೋಡದ ಸಾಲು ಹುಡುಕಬೇಡಿ, ಮಂಜು ಹುಡುಕಿ.