ಉಸಿರು ಆರಾಮಾಗಿದ್ದಾಗಲೂ ಇನ್ಹೇಲರ್ ಬಿಡಬೇಡಿ

ನಮ್ಮ ಮನೇಲಿ ಮೂರು ತಲೆಮಾರಿಗೂ ಉಬ್ಬಸ ಇದೆ, ನನಗೂ ಇದೆ, ಅದಕ್ಕೇ ಬರೀತಿದೀನಿ. ನಾನು ನೋಡಿರೋ ಹಾಗೆ ಎಲ್ಲರೂ ಮಾಡೋ ದೊಡ್ಡ ತಪ್ಪು ಒಂದೇ, ಎರಡು ವಾರ ಚೆನ್ನಾಗಿದ್ರೆ ಸಾಕು, ವಾಸಿ ಆಯ್ತು ಅಂತ ಇನ್ಹೇಲರ್ ಬಿಟ್ಟುಬಿಡೋದು. ವಯಸ್ಸಿನಲ್ಲಿದ್ದಾಗ ನಾನೂ ಬಿಟ್ಟಿದ್ದೆ, ಒಂದು ನೆಗಡಿ ಬಂದಿದ್ದೇ ನೆಪ, ನಡುರಾತ್ರಿ ಎದ್ದು ಕೂತು ಬೆಳಗಿನವರೆಗೂ ಗಾಳಿಗೆ ಒದ್ದಾಡಿದೀನಿ.

ಒಳಗೆ ಏನಾಗುತ್ತೆ ಅಂತ ತಿಳ್ಕೊಂಡ್ರೆ ಯಾರೂ ಬಿಡಲ್ಲ. ನಮ್ಮ ಶ್ವಾಸನಾಳದ ಒಳಗೋಡೆ ಆರಾಮಾಗಿರೋ ದಿನಾನೂ ಸ್ವಲ್ಪ ಊದ್ಕೊಂಡೇ ಇರುತ್ತೆ, ಧೂಳೋ ಹೊಗೆಯೋ ತಣ್ಣನೆ ಗಾಳಿಯೋ ತಗುಲಿದ್ರೆ ಸುತ್ತಲಿನ ಸ್ನಾಯು ಬಿಗಿಯುತ್ತೆ, ಅಂಟು ಕಫ ತುಂಬ್ಕೊಳ್ಳುತ್ತೆ, ದಾರಿ ಸಣ್ಣದಾಗಿ ಸುಯ್ ಸುಯ್ ಅಂತ ಸದ್ದು ಬರುತ್ತೆ. ದಿನಾ ತಗೊಳೋ ಸ್ಟೀರಾಯ್ಡ್ ಇನ್ಹೇಲರ್ ಆ ಊತ ಇಳಿಸುತ್ತೆ, ನಿಧಾನಕ್ಕೆ. ಉಸಿರು ಕಟ್ಟಿದಾಗ ತುರ್ತಿಗೆ ತಗೊಳೋ ಸಾಲ್ಬುಟಮಾಲ್ ಇನ್ಹೇಲರ್ ಬಿಗಿದ ಸ್ನಾಯು ಸಡಿಲ ಮಾಡುತ್ತೆ ಅಷ್ಟೇ, ಊತಕ್ಕೆ ಏನೂ ಮಾಡಲ್ಲ. ಕೆಲವರಿಗೆ ಎರಡೂ ಕೆಲಸಕ್ಕೆ ಒಂದೇ ಇನ್ಹೇಲರ್ ಕೊಟ್ಟಿರ್ತಾರೆ, ನಿಮ್ಮದು ಯಾವುದು ಅಂತ ಡಾಕ್ಟರ್ ಹತ್ರ ಕೇಳಿ ತಿಳ್ಕೊಳ್ಳಿ. ವಾರಕ್ಕೆ 2 ಸಲಕ್ಕಿಂತ ಹೆಚ್ಚು ತುರ್ತಿನ ಪಫ್ ಬೇಕಾಗ್ತಿದ್ರೆ, ಇಲ್ಲಾ ರಾತ್ರಿ ಕೆಮ್ಮಿ ಎಚ್ಚರ ಆಗ್ತಿದ್ರೆ ಕಾಯಬೇಡಿ, ಹೋಗಿ ತೋರಿಸಿ.

ಪಫ್ ತಗೊಳೋ ರೀತಿನೂ ಮುಖ್ಯ. ಸ್ಪ್ರೇ ಥರದ್ದು ಆದ್ರೆ ಅಲ್ಲಾಡಿಸಿ, ಸ್ಪೇಸರ್ ಹಾಕಿ (ಇನ್ಹೇಲರ್ ಬಾಯಿಗೆ ಸಿಕ್ಕಿಸೋ ಪ್ಲಾಸ್ಟಿಕ್ ಕೊಳವೆ), ನಿಧಾನವಾಗಿ ಎಳೆದು 10 ಸೆಕೆಂಡು ಉಸಿರು ಹಿಡೀರಿ, ಸ್ಪೇಸರ್ ಇಲ್ದಿದ್ರೆ ಮದ್ದು ಬಹುಪಾಲು ಗಂಟಲಿಗೇ ಅಂಟ್ಕೊಳ್ಳುತ್ತೆ. ಪುಡಿ ಇನ್ಹೇಲರ್‌ಗೆ ಸ್ಪೇಸರ್ ಬೇಡ, ಜೋರಾಗಿ ಎಳೀಬೇಕು. ಸ್ಟೀರಾಯ್ಡ್ ಆದ್ಮೇಲೆ ಬಾಯಿ ಮುಕ್ಕಳಿಸಿ ಉಗೀರಿ, ಇಲ್ದಿದ್ರೆ ನಾಲಿಗೆ ಮೇಲೆ ಬಿಳಿ ಫಂಗಸ್ ಬರಬಹುದು.

ಮನೆ ವಿಷಯಕ್ಕೆ ಬಂದ್ರೆ, ಒದ್ದೆ ಬಟ್ಟೇಲಿ ಒರೆಸಿ, ಒಣ ಪೊರಕೆ ಬೇಡ, ಗುಡಿಸಲೇಬೇಕು ಅಂದ್ರೆ ಉಬ್ಬಸ ಇರೋರು ಬೇರೆ ರೂಮಲ್ಲಿರ್ಲಿ. ದಿಂಬಿನ ಕವರು, ಬೆಡ್‌ಶೀಟು ವಾರಕ್ಕೊಂದ್ಸಲ 60 ಡಿಗ್ರಿ ಬಿಸಿನೀರಲ್ಲಿ ಒಗೀರಿ, ಕಣ್ಣಿಗೆ ಕಾಣದ ಧೂಳಿನ ಹುಳ ತಣ್ಣೀರಿಗೆ ಸಾಯಲ್ಲ. ಗೋಡೇಲಿ ಬೂಷ್ಟು ಕಂಡ್ರೆ ನೀರು ಎಲ್ಲಿಂದ ಇಳೀತಿದೆ ಅಂತ ಮೊದಲು ನೋಡಿ. ಸಿಗರೇಟಂತೂ ಮನೆಯೊಳಗೆ ಬೇಡವೇ ಬೇಡ, ಹೊರಗೆ ಸೇದಿ ಬಂದ್ರೂ ಆ ಹೊಗೆ ಬಟ್ಟೇಲಿ ಒಳಗೆ ಬರುತ್ತೆ, ಮನೇಲಿ ಮಗು ಇದ್ರೆ ದಯವಿಟ್ಟು ಯೋಚನೆ ಮಾಡಿ.

ಮಾತ್ರೆ ವಿಷಯ ಎಷ್ಟೋ ಜನಕ್ಕೆ ಗೊತ್ತಿರಲ್ಲ. ಆಸ್ಪಿರಿನ್, ಐಬುಪ್ರೊಫೆನ್ ಕೆಲವರಿಗೆ ದಮ್ಮು ಎಬ್ಬಿಸುತ್ತೆ. ಬಿಪಿಗೆ ಕೊಡೋ ಬೀಟಾ ಬ್ಲಾಕರ್, ಗ್ಲಾಕೋಮಾ ಅನ್ನೋ ಕಣ್ಣಿನ ಕಾಯಿಲೆಗೆ ಹಾಕೋ ಟಿಮೊಲಾಲ್ ಹನಿ ಕೂಡ ಹಾಗೇ, ಕಣ್ಣಿನ ಡಾಕ್ಟರ್ ಹತ್ರ ಹೋದಾಗಲೂ ಉಬ್ಬಸ ಇದೆ ಅಂತ ಮೊದಲೇ ಹೇಳಿ.

ದಮ್ಮು ಬಂದೇಬಿಟ್ರೆ ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಸ್ಪೇಸರ್‌ನಲ್ಲಿ ಸಾಲ್ಬುಟಮಾಲ್ 1 ಪಫ್, 4 ಸಲ ಉಸಿರು, ಹೀಗೇ 4 ಪಫ್, ಆಮೇಲೆ 4 ನಿಮಿಷ ಕಾಯಿರಿ, ಕಮ್ಮಿ ಆಗದಿದ್ರೆ ಆಂಬುಲೆನ್ಸ್ ಕರೆಸಿ, ಅದು ಬರೋವರೆಗೂ ಹೀಗೇ ಕೊಡ್ತಿರಿ. ಒಂದು ವಾಕ್ಯ ಪೂರ್ತಿ ಮಾತಾಡೋಕಾಗ್ತಿಲ್ಲ, ತುಟಿ ನೀಲಿಯಾಗ್ತಿದೆ ಅಂದ್ರೆ ಮೊದಲು ಫೋನು, ಆಮೇಲೆ ಪಫ್. ಒದ್ದಾಡ್ತಿರೋರ ಎದೆಯ ಸುಯ್ ಸದ್ದು ಇದ್ದಕ್ಕಿದ್ದಂಗೆ ನಿಂತ್ರೆ ಕಮ್ಮಿ ಆಯ್ತು ಅನ್ಕೋಬೇಡಿ, ಗಾಳಿನೇ ಆಡ್ತಿಲ್ಲ ಅಂತ ಅರ್ಥ. ಇಷ್ಟನ್ನೂ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದೀನಿ, ಸ್ಪೇಸರ್ ಎಲ್ಲಿರುತ್ತೆ ಅಂತ ನಮ್ಮನೆ ಚಿಕ್ಕ ಮೊಮ್ಮಗಳಿಗೂ ಗೊತ್ತು.